ಸಿಗಲಿಲ್ಲ ಅಂತ ಬರೆಯೋದು ಯಾವಾಗ

ಸೈಕಲ್ ಮಾರಿ ಎಷ್ಟೋ ವರ್ಷ ಆಗಿದ್ದರೂ ಅವರ ಪ್ಯಾಂಟಿನ ಬಲಗಾಲಿಗೆ ಕಬ್ಬಿಣದ ಕ್ಲಿಪ್ಪು ಇರುತ್ತಿತ್ತು. ಚೈನಿಗೆ ಬಟ್ಟೆ ಸಿಕ್ಕಬಾರದು ಅಂತ ಹಾಕ್ತಾರಲ್ಲ, ಅದು. ಸೈಕಲ್ಲೇ ಇಲ್ಲ, ಚೈನೆಲ್ಲಿಂದ ಬರಬೇಕು? ಕೇಳಿದರೆ, "ಇದಿಲ್ದಿದ್ರೆ ಕಾಲು ಹೊರಡಲ್ಲ ಅಕ್ಕ" ಅನ್ನೋರು. ಭದ್ರಾವತಿ ಓಲ್ಡ್ ಟೌನಿನಲ್ಲಿ ಮೂವತ್ತು ವರ್ಷದ ಮೇಲೆ ಕಾಗದ ಹಂಚಿ ರಿಟೈರ್ ಆದವರು. ಹೆಂಡತಿ ಮೊದಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳಿಗೆ ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿತು ಅಂತ ಅಪ್ಪ ಮಗಳು ಅಲ್ಲಿನ ಗೋಪಾಳ ಬಡಾವಣೆಗೆ ಬಂದು ನಮ್ಮ ಮನೆ ಮಹಡಿಯಲ್ಲಿ ಬಾಡಿಗೆಗಿದ್ದರು. ಬೀದಿಗೆಲ್ಲ ಅವರು ಪೋಸ್ಟಣ್ಣ.

ಆ ಮಗಳಿಗೊಂದು ಆಟದ ಹುಚ್ಚು. ಯಾರೋ ಒಬ್ಬರು ಸಣ್ಣ ಡಬ್ಬಿಯೊಂದನ್ನು ಊರಲ್ಲಿ ಎಲ್ಲೋ ಬಚ್ಚಿಟ್ಟು, ಆ ಜಾಗವನ್ನು ಫೋನಿನ ಮ್ಯಾಪಿನಲ್ಲಿ ಹಾಕುತ್ತಾರೆ. ಗುರುತಿಲ್ಲದವರು ಬಂದು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಹೋಗುತ್ತಾರೆ. ಆಮೇಲೆ ಸಿಕ್ಕಿತೋ ಇಲ್ಲವೋ ಅಂತ ಎಲ್ಲರಿಗೂ ಕಾಣುವ ಹಾಗೆ ಫೋನಿನಲ್ಲಿ ಬರೆಯಬೇಕು. ಮಾಡಕ್ಕೆ ಬೇರೆ ಕೆಲಸ ಇಲ್ಲವಾ ಅಂತ ನಾನು ಬೈದಿದ್ದೆ. ಅವಳು ಅಪ್ಪನಿಗೂ ಕಲಿಸಿದಳು. ಅಪ್ಪ ದಿನಾ ಸೈಕಲ್ ಒರಗಿಸುತ್ತಿದ್ದ ಓಲ್ಡ್ ಟೌನಿನ ಹಳೇ ಕಲ್ಲುಗೋಡೆಯಲ್ಲಿ ತಾನೂ ಒಂದು ಡಬ್ಬಿ ಇಟ್ಟಳು. ಯಾವ ಸಂದಿ ಅಂತ ಕೇಳಿದರೆ, "ಹುಡುಕಪ್ಪಾ, ಅದೇ ಅಲ್ವಾ ಆಟ?" ಅಂದಳಂತೆ. ಮಳೆ ಕಳೀಲಿ, ಹೋದರಾಯ್ತು ಅಂತ ಇವರು ಕೂತರು. ಮಳೆ ಕಳೆಯುವುದರೊಳಗೆ ಜ್ವರ ಬಂದು ಎಂಟು ದಿನಕ್ಕೆ ಹುಡುಗಿ ಹೋದಳು. ಅವಳ ಫೋನಿನ ಬೀಗ ಯಾರಿಗೂ ತೆಗೆಯಲಿಕ್ಕಾಗಲಿಲ್ಲ.

ಮೂರು ತಿಂಗಳಾದ ಮೇಲೆ ಕೆಳಗೆ ಬಂದು ಕೇಳಿದರು. "ಅಕ್ಕ, ನನ್ ಜೊತೆ ಬರ್ತೀರಾ? ಗಂಡಸು ಒಬ್ನೇ ಗೋಡೆ ತಡವ್ತಿದ್ರೆ ಕಳ್ಳ ಅಂತಾರೆ. ಹೆಂಗಸು ಜೊತೆಗಿದ್ರೆ ಪಾಪ ಏನೋ ಕಳ್ಕೊಂಡಿದಾರೆ ಅಂತಾರೆ."

ಮೊದಲು ಕೈ ಕುದುರಲಿ ಅಂತ, ಬೇರೆ ಯಾರೋ ಇಟ್ಟ ಡಬ್ಬಿ ಹುಡುಕಿಕೊಂಡು ಕೋಟೆ ಕಡೆ ಹೋದೆವು. ಒಂದು ಕಲ್ಲುಬೆಂಚಿನ ಕೆಳಗೆ ಇವರು ಕೈ ಹಾಕಿದ್ದೇ ತಡ, ಹೂ ಮಾರುವವಳು ಬಂದಳು.

"ಏನ್ ಬಿತ್ತಜ್ಜಿ?"

"ಓಲೆ ತಿರುಪು" ಅಂದೆ.

"ಅಯ್ಯೋ, ಚಿನ್ನದ್ದಾ?" ಅಂತ ಬುಟ್ಟಿ ಇಳಿಸಿ ಅವಳೂ ಕೂತಳು. ಆಟೋದವರಿಬ್ಬರು ಬಂದರು, ಕಬ್ಬಿನ ಹಾಲಿನವನು ಬಂದ. ಅರ್ಧ ಗಂಟೆ ಎಲ್ಲರೂ ಸೇರಿ ಇಲ್ಲದ ತಿರುಪು ಹುಡುಕಿದರು. ನನ್ನ ಎರಡು ಕಿವಿಯಲ್ಲೂ ಓಲೆ ಭದ್ರವಾಗಿತ್ತು, ಸೆರಗು ಮುಚ್ಚಿಕೊಂಡಿದ್ದೆ. ಡಬ್ಬಿ ಮಾತ್ರ ಸಿಗಲಿಲ್ಲ. ಪೋಸ್ಟಣ್ಣ ಅಲ್ಲೇ ನಿಂತು ಫೋನಿನಲ್ಲಿ 'ಸಿಗಲಿಲ್ಲ' ಅಂತ ಬರೆದರು.

"ಸೋತಿದ್ದನ್ನ ಯಾಕೆ ಊರಿಗೆಲ್ಲ ಸಾರ್ತೀರಿ ಮಾರಾಯ್ರೆ?"

"ಡಬ್ಬಿ ಇಟ್ಟೋನಿಗೆ ಗೊತ್ತಾಗ್ಬೇಕಲ್ಲ ಅಕ್ಕ, ಬಂದು ನೋಡ್ಕೊಳ್ಳಲಿ. ಮುಂದೆ ಬರೋರಿಗೂ ಗೊತ್ತಾಗ್ಬೇಕು."

ಇನ್ನೊಂದು ಸಲ ಬೇರೊಂದು ಡಬ್ಬಿಯ ಜಾಗದ ತನಕ ಹೋಗಿ, ಜನ ನೋಡಿ ವಾಪಸ್ ಬಂದೆವು. ಅವತ್ತು ಏನೂ ಬರೆಯಲಿಲ್ಲ. ಯಾಕೆ ಅಂದೆ. "ಕೈ ಹಾಕಿ ಹುಡುಕ್ಲಿಲ್ವಲ್ಲ. ಬಾಗಿಲ ತನಕ ಹೋಗದೆ 'ಮನೆಯಲ್ಲಿಲ್ಲ' ಅಂತ ಷರಾ ಬರೆಯೋನು ಕಳ್ಳ. ಹೋಗಿ ಬಾಗಿಲು ತಟ್ಟಿ ಬಂದೂ ಬರೀದೆ ಇರೋನು ಅವನಿಗಿಂತ ದೊಡ್ಡ ಕಳ್ಳ" ಅಂದರು. ಸರ್ವೀಸಿನಲ್ಲಿ ಒಂದು ಕಾಗದಕ್ಕೂ ಸುಳ್ಳು ಷರಾ ಬರೆದವರಲ್ಲವಂತೆ. ನನಗೇನೂ ನಂಬಿಕೆ ಬರಲಿಲ್ಲ.

ಆಮೇಲೆ ಭದ್ರಾವತಿಗೆ ಹೋದೆವು. ಆ ಗೋಡೆ ಅರ್ಧಕ್ಕರ್ಧ ಇರಲಿಲ್ಲ. ಚರಂಡಿ ಮಾಡಲಿಕ್ಕೆ ಕೆಡವಿ, ಕಲ್ಲು ಮಣ್ಣೆಲ್ಲ ಹೊತ್ತು ಹಾಕಿದ್ದರು. ಉಳಿದ ತುಂಡಿನ ಒಂದೊಂದು ಸಂದಿಗೂ ಪೋಸ್ಟಣ್ಣ ಕೈ ಹಾಕಿದರು. ಹಲ್ಲಿ ಮೊಟ್ಟೆ, ಬೀಡಿ ತುಂಡು, ಗುಟ್ಕಾ ಚೀಟಿ. ಬಸ್ಸಿನಲ್ಲಿ ಫೋನು ತೆಗೆಯಲೇ ಇಲ್ಲ. ಮತ್ತೆ ಹೋದೆವು, ಅದೇ ಕತೆ. ನಾಲ್ಕನೇ ಸಲ ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಿಕ್ಕಾಗಲಿಲ್ಲ.

"ಎಲ್ಲಾದಕ್ಕೂ ಬರೀತೀರಿ, ಇದಕ್ಕ್ಯಾಕೆ ಬರೆಯಲ್ಲ?"

"ಇನ್ನೂ ಹುಡುಕಿ ಮುಗಿದಿಲ್ಲ."

"ಗೋಡೇನೇ ಇಲ್ಲ, ಇನ್ನೇನ್ ಹುಡುಕ್ತೀರಿ?"

ಆಗ ಹೇಳಿದರು. ಸಿಗಲಿಲ್ಲ ಅಂತ ಬರೆದರೆ ಆಟ ನೋಡಿಕೊಳ್ಳುವವರು ಡಬ್ಬಿ ಇಟ್ಟವಳನ್ನೇ ಕೇಳುತ್ತಾರೆ. ಅವಳಿಂದ ಉತ್ತರ ಬರಲ್ಲ. ತಿಂಗಳು ನೋಡಿ ಮ್ಯಾಪಿನಿಂದ ಅಳಿಸಿಬಿಡುತ್ತಾರೆ. ಈಗ ಅಲ್ಲೊಂದು ಚುಕ್ಕಿ ಇದೆ, ಒತ್ತಿದರೆ ಅವಳ ಹೆಸರು ಬರುತ್ತೆ.

"ಹಂಗಾದ್ರೆ ನೀವೇ ಒಂದು ಡಬ್ಬಿ ತಂದು ಇಟ್ಬಿಡಿ. ಯಾರಿಗೆ ಗೊತ್ತಾಗುತ್ತೆ?"

"ಬೇರೆಯವರ ಕಾಗದ ನಾನು ಬರೆದು ಹಾಕೋದಾ ಅಕ್ಕ?" ಅಂದು ಕಿಟಕಿ ಕಡೆ ತಿರುಗಿದರು.

ಏಳನೇ ಸಲ ಹೋದಾಗ ನಮಗಿಂತ ಮೊದಲೇ ಅಲ್ಲೊಬ್ಬ ಹೆಂಗಸು, ನಲವತ್ತರ ಆಸುಪಾಸು, ಫೋನು ಹಿಡಿದು ಬಗ್ಗಿದ್ದಳು. ಇದೇ ಡಬ್ಬಿಗೆ ಅಂತ ದಾವಣಗೆರೆಯಿಂದ ಬಂದಿದ್ದಳು. ನಾವು ಬೇಡ ಅನ್ನುವುದರೊಳಗೆ ಚರಂಡಿ ಪಕ್ಕದ ಒಡಕಿನೊಳಗೆ ಕೈ ತೂರಿಸಿದಳು. ಒಳಗೆ ಮುರಿದ ಕಬ್ಬಿಣದ ಸರಳಿತ್ತು. ಅಂಗೈ ಸೀಳಿಹೋಯಿತು. ರಕ್ತ ಮೊಣಕೈ ತನಕ ಇಳಿಯಿತು. ನನ್ನ ಸೆರಗಿನ ತುದಿ ಹರಿದು ಕಟ್ಟಿದೆ.

"ಯಾರೂ ಸಿಗ್ಲಿಲ್ಲ ಅಂತ ಬರೆದೇ ಇಲ್ಲ ನೋಡಿ" ಅಂದಳು ಅವಳು. "ಇದ್ದೇ ಇರುತ್ತೆ ಅಂದ್ಕೊಂಡೆ."

ಪೋಸ್ಟಣ್ಣನ ಮುಖ ನೋಡಲಿಕ್ಕಾಗಲಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊಲಿಗೆ ಹಾಕಿಸಿ, ಅವಳನ್ನು ದಾವಣಗೆರೆ ಬಸ್ಸಿಗೆ ಹತ್ತಿಸಿದರು. ತಾವು ಯಾರು ಅಂತ ಮಾತ್ರ ಹೇಳಲಿಲ್ಲ.

ವಾಪಸ್ ಬರುವಾಗ ಅಂಗಿ ಜೇಬಿನಿಂದ ಬಸ್ ಟಿಕೆಟುಗಳನ್ನು ತೆಗೆದರು. ಏಳೂ ಸಲದ್ದು ಇಟ್ಟುಕೊಂಡಿದ್ದರು! ಟಿಕೆಟ್ಟಿನ ತಾರೀಕು ನೋಡಿ ನೋಡಿ ಟೈಪ್ ಮಾಡಿದರು. ಹುಡುಕಿದೆ ಸಿಗಲಿಲ್ಲ, ಹುಡುಕಿದೆ ಸಿಗಲಿಲ್ಲ, ಏಳು ಸಾಲು. ಕೊನೆಗೆ, ಗೋಡೆ ಕೆಡವಿದ್ದಾರೆ, ಸರಳಿದೆ, ಯಾರೂ ಬರಬೇಡಿ. ಬರೆದು ಮುಗಿಸಿ ಫೋನು ತೊಡೆ ಮೇಲಿಟ್ಟುಕೊಂಡರು.

"ಕಳ್ಸಿದ್ರಾ?" ಅಂದೆ.

"ಕಳಿಸ್ತೀನಿ. ಮನೆ ಸೇರಿದ್ಮೇಲೆ."

ನನಗೆ ಸಿಟ್ಟು ಬಂದಿತ್ತು. ಮಂಡಿ ನೋಯುತ್ತಿತ್ತು, ಸೀರೆಗೆಲ್ಲ ಯಾರದೋ ರಕ್ತ. "ಇನ್ನೊಬ್ಬರ ಕೈ ಹರೀಲಿ ಅಂತ ಕಾಯ್ತೀರಾ? ಕೊಡಿ ಇಲ್ಲಿ, ಎಲ್ಲಿ ಒತ್ತಬೇಕು?"

ಅವರು ಬೆರಳಿನಲ್ಲಿ ತೋರಿಸಿದರು. ನಾನು ಒತ್ತಿದೆ.

ತಿಂಗಳೊಪ್ಪತ್ತಿಗೆ ಒಂದು ಬೆಳಿಗ್ಗೆ ಕೆಳಗೆ ಬಂದು ಫೋನು ತೋರಿಸಿದರು. ಮ್ಯಾಪಿನಲ್ಲಿ ಹೊಳೆಯ ನೀಲಿ ಗೆರೆ, ರಸ್ತೆ ಗೆರೆ, ಚುಕ್ಕಿ ಇಲ್ಲ. "ಇಲ್ಲಿತ್ತು" ಅಂದರು. ನಾನು ಕಾಫಿ ಕೊಟ್ಟೆ, ಕುಡಿದು ಮೇಲೆ ಹೋದರು. ಆಮೇಲೆ ಯಾವ ಡಬ್ಬಿಗೂ ಕರೆಯಲಿಲ್ಲ. ಮುಂದಿನ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಅಪ್ಪ ಮಗಳಿಬ್ಬರನ್ನೂ ಹತ್ತಿರದಿಂದ ಬಲ್ಲವಳು ಅಂತ ಈಗ ನಾನೊಬ್ಬಳೇ.

ಅವತ್ತು ಮಾಡಿದ್ದು ಸರಿ, ಈಗಲೂ ಹಾಗೇ ಹೇಳುತ್ತೀನಿ. ನಾನು ಒತ್ತದಿದ್ದರೆ ಅವರೇ ಒತ್ತುತ್ತಿದ್ದರು, ಅಂಥ ಮನುಷ್ಯ. ಆದರೆ ಮನೆಗೆ ಬಂದು, ಆ ಹೆಸರನ್ನು ಇನ್ನೊಂದು ನಾಲ್ಕು ದಿನ ನೋಡಿ ಒತ್ತುತ್ತಿದ್ದರು. ಆ ನಾಲ್ಕು ದಿನ ಕಿತ್ತುಕೊಂಡವಳು ನಾನು.