ಕಾಲು ಇಂಚು ಓರೆಯಿದ್ದ ಚೈನು

1964ರಲ್ಲಿ ನಾನು ಬೆಳ್ಳಾರೆ ಪೇಟೆಯಲ್ಲಿ ಸೈಕಲ್ ಶಾಪ್ ಇಟ್ಟುಕೊಂಡಿದ್ದೆ. ಪುತ್ತೂರಿನಲ್ಲಿ ಎಸ್ಸೆಲ್ಸಿ ಪಾಸು ಮಾಡಿ, ಅಲ್ಲಿಯದೇ ಒಂದು ಶಾಪಿನಲ್ಲಿ ಆರು ವರ್ಷ ಕೆಲಸ ಕಲಿತು ಬಂದವನು. ಬಾಡಿಗೆಗೆ ಹನ್ನೊಂದು ಸೈಕಲ್ಲುಗಳಿದ್ದವು. ಎಸ್ಸೆಲ್ಸಿ ಪಾಸಾದ ಮೆಕ್ಯಾನಿಕ್ ಸುತ್ತಲಿನ ಊರುಗಳಲ್ಲಿ ನಾನೊಬ್ಬನೇ ಎಂಬ ಸೊಕ್ಕೂ ಇತ್ತು. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ನನ್ನ ಕೈಚಳಕದ ಕಥೆ ಓದಲು ಕುಳಿತವರು ಇಲ್ಲಿಗೇ ನಿಲ್ಲಿಸಬಹುದು. ಇದು ಆ ಸೊಕ್ಕು ಒಬ್ಬ ಮನುಷ್ಯನಿಗೆ ಏನು ಮಾಡಿತು ಎಂಬುದರ ವಿವರ.

ಆಗೆಲ್ಲ ಮಳೆಗಾಲ ಮುಗಿದ ಮೇಲೆ ಊರೂರಿನ ಮೈದಾನಗಳಲ್ಲಿ ಸೈಕಲ್ ಸವಾರಿಯ ಪ್ರದರ್ಶನಗಳು ನಡೆಯುತ್ತಿದ್ದವು. ಸವಾರ ಐದು ದಿನ ಸೈಕಲ್ಲಿನಿಂದ ಇಳಿಯಬಾರದು. ಊಟ, ಸ್ನಾನ, ಕ್ಷೌರ ಎಲ್ಲವೂ ಅದರ ಮೇಲೆಯೇ. ನಿದ್ದೆ ಬಂದರೆ ಮೈದಾನದ ನಡುವಿನ ಕಂಬಕ್ಕೆ ಒರಗಿ ಸೀಟಿನಲ್ಲೇ ತೂಕಡಿಸಬೇಕು. ಕಾಲು ನೆಲಕ್ಕೆ ತಾಗಿದರೆ ಆಟ ಮುಗಿಯಿತು. ಒಂದು ಸೈಕಲ್ಲಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಇಬ್ಬರು ಆ ಇನ್ನೊಂದನ್ನು ಪಕ್ಕದಲ್ಲಿ ಹಿಡಿದು ನಿಲ್ಲುತ್ತಿದ್ದರು. ಸವಾರ ನೆಲ ಮುಟ್ಟದೆ ಅದರ ಮೇಲೆ ದಾಟಿಕೊಳ್ಳುತ್ತಿದ್ದ.

ಆ ವರ್ಷ ಫೆಬ್ರವರಿಯಲ್ಲಿ ನಮ್ಮಲ್ಲಿ ಇಂಥ ಪ್ರದರ್ಶನ ಏರ್ಪಾಡಾಯಿತು. ಸವಾರ ಇಚಿಲಂಪಾಡಿಯ ಹಮೀದ್, ಇಪ್ಪತ್ತನಾಲ್ಕು ವರ್ಷದವ, ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಹುಡುಗ. ಮಂಗಳೂರಿಗೆ ಬಂದಿದ್ದ ಒಂದು ಸರ್ಕಸ್ ಕಂಪೆನಿಯ ಮ್ಯಾನೇಜರು ಅವನ ಆಟ ನೋಡಿ, ‘ಐದು ದಿನ ಪೂರೈಸಿದ್ದೀ ಎಂದು ಊರಿನವರ ಸಹಿ ಇರುವ ಒಂದು ಕಾಗದ ತಾ, ಸೇರಿಸಿಕೊಳ್ಳುತ್ತೇನೆ’ ಎಂದಿದ್ದರು. ತಿಂಗಳ ಕೊನೆಗೆ ಕಂಪೆನಿ ಡೇರೆ ಕಿತ್ತು ಬೇರೆ ಊರಿಗೆ ಹೊರಡುವುದಿತ್ತು. ಆ ಒಂದು ಕಾಗದಕ್ಕಾಗಿ ಹಮೀದ್ ಬೆಳ್ಳಾರೆಗೆ ಬಂದದ್ದು.

ಪ್ರದರ್ಶನಕ್ಕೆ ಎಂಟು ದಿನ ಮೊದಲು ಒಂದು ಹಳೆಯ ಫ್ರೇಮನ್ನು ಹೆಗಲ ಮೇಲೆ ಹೊತ್ತು ಶಾಪಿಗೆ ಬಂದ.

“ವಾಸಣ್ಣ, ಇದಕ್ಕೆ ಫಿಕ್ಸ್ ಮಾಡಿ ಕೊಡ್ಬೇಕು. ಹಿಂದೆ ಹೋಗುದು ಆಗ್ಬೇಕು.”

“ಹಿಂದೆ ಹೋಗ್ಲಿಕ್ಕೆ ಸೈಕಲ್ ಎಂತಕ್ಕೆ ಮಾರಾಯ? ಏಡಿ ಸಾಕಲ್ಲ?”

“ಏಡಿಗೆ ಸರ್ಕಸ್ಸಿನವರು ಸಂಬಳ ಕೊಡುದಿಲ್ಲ ಮಾರಾಯ್ರೆ,” ಎಂದು ನಕ್ಕ.

ಫಿಕ್ಸ್ ಎಂದರೇನೆಂದು ಹೇಳಬೇಕು. ಸಾಮಾನ್ಯ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಫ್ರೀ ವೀಲ್ ಇರುತ್ತದೆ. ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ತನ್ನಷ್ಟಕ್ಕೆ ಉರುಳುತ್ತದೆ. ಫಿಕ್ಸ್ ಸೈಕಲ್ಲಿನಲ್ಲಿ ಅದರ ಬದಲು ಗಟ್ಟಿಯಾಗಿ ಕೂತ ಹಲ್ಲಿನ ಚಕ್ರ. ಚಕ್ರ ತಿರುಗಿದಷ್ಟು ಹೊತ್ತು ಪೆಡಲೂ ತಿರುಗುತ್ತದೆ, ಹಿಂದಕ್ಕೆ ತುಳಿದರೆ ಸೈಕಲ್ ಹಿಂದಕ್ಕೆ ಹೋಗುತ್ತದೆ. ಹಾಗೆ ತುಳಿದಾಗ ಹಲ್ಲಿನ ಚಕ್ರ ಕಳಚಿಕೊಳ್ಳದಂತೆ ಹೊರಗಿನಿಂದ ಒಂದು ಲಾಕ್ ರಿಂಗ್ ಬಿಗಿಯಬೇಕು. ಪೆಡಲ್ ಆಕ್ಸಲಿನ, ಅಂದರೆ ಎರಡೂ ಪೆಡಲುಗಳ ತೋಳುಗಳನ್ನು ಜೋಡಿಸುವ ಅಡ್ಡ ಸರಳಿನ, ಬಟ್ಟಲಿಗೆ ಹಾಕುವ ರಿಂಗು ಹಿಂದಿನ ಚಕ್ರದ ಥ್ರೆಡ್ಡಿಗೂ ಕೂರುತ್ತದೆಂದು ನಾನೇ ಕಂಡುಕೊಂಡಿದ್ದೆ. ಅದನ್ನು ಬಂದವರಿಗೆಲ್ಲ ತೋರಿಸಿ ಬೀಗಿದ್ದೂ ಉಂಟು.

ಇನ್ನು ಕ್ರ್ಯಾಂಕ್, ಅಂದರೆ ಪೆಡಲನ್ನು ಹಿಡಿದಿರುವ ಉಕ್ಕಿನ ತೋಳು. ನನ್ನಲ್ಲಿದ್ದದ್ದು ಏಳು ಇಂಚಿನದು. ಹಮೀದ್ ಬೇಡವೆಂದ. ಸಣ್ಣ ಸುತ್ತು ಹೊಡೆಯುವಾಗ ಸೈಕಲ್ ವಾಲುತ್ತದೆ; ಫಿಕ್ಸಿನಲ್ಲಿ ಪೆಡಲನ್ನು ಮೇಲೆತ್ತಿ ಹಿಡಿಯುವ ಹಾಗಿಲ್ಲ, ಉದ್ದ ಕ್ರ್ಯಾಂಕಾದರೆ ಪೆಡಲು ನೆಲಕ್ಕೆ ಬಡಿಯುತ್ತದೆ. ಅವನು ಹೇಳಿದ್ದು ಸರಿಯಾಗಿತ್ತು. ನಾನು ಒಂದು ಚಿಕ್ಕ ಸೈಕಲ್ಲಿನಿಂದ ಆರು ಇಂಚಿನ ಕ್ರ್ಯಾಂಕುಗಳನ್ನು ಅದರ ಚೈನ್ ವೀಲ್ ಸಮೇತ ಬಿಚ್ಚಿ ಈ ಫ್ರೇಮಿಗೆ ಕೂರಿಸಿದೆ.

ತಪ್ಪು ಶುರುವಾದದ್ದು ಅಲ್ಲಿ. ಆ ಕ್ರ್ಯಾಂಕು ಈ ಫ್ರೇಮಿನ ಆಕ್ಸಲಿನಲ್ಲಿ ಹೊರಗಡೆಗೆ ಕೂತಿತು. ಮುಂದಿನ ಚೈನ್ ವೀಲಿನ ಹಲ್ಲುಗಳೂ ಹಿಂದಿನ ಹಲ್ಲಿನ ಚಕ್ರವೂ ಒಂದೇ ಗೆರೆಯಲ್ಲಿ ಇರಬೇಕು. ಇದಕ್ಕೆ ಚೈನ್ ಲೈನ್ ಎನ್ನುತ್ತಾರೆ. ದಾರ ಎಳೆದು ನೋಡಿದೆ. ಕಾಲು ಇಂಚು ಓರೆ. ಫ್ರೀ ವೀಲ್ ಸೈಕಲ್ಲಾದರೆ ಕರಕರ ಎನ್ನುತ್ತಾ ಹೇಗೋ ಹೋದೀತು. ಫಿಕ್ಸಿನಲ್ಲಿ ಚೈನ್ ಕಳಚಿ ಸಿಕ್ಕಿಕೊಂಡರೆ ಹಿಂದಿನ ಚಕ್ರ ಇದ್ದಲ್ಲೇ ಹಿಡಿದು ನಿಲ್ಲುತ್ತದೆ. ಹಿಂದಿನ ಹಲ್ಲಿನ ಚಕ್ರಕ್ಕೆ ವಾಷರ್ ಕೊಟ್ಟು ಹೊರಗೆ ತರೋಣವೆಂದರೆ ಲಾಕ್ ರಿಂಗಿಗೆ ಥ್ರೆಡ್ ಉಳಿಯುವುದಿಲ್ಲ. ಸರಿಯಾದ ಉಪಾಯ ಒಂದೇ, ಗಿಡ್ಡ ಆಕ್ಸಲ್ ಹಾಕುವುದು. ಅದು ಪುತ್ತೂರಿನಲ್ಲಿ ಸಿಗುತ್ತಿತ್ತು. ಬೆಳಗಿನ ಬಸ್ಸಿಗೆ ಹೋದರೆ ಮಧ್ಯಾಹ್ನಕ್ಕೆ ವಾಪಸ್. ನಾನು ಹೋಗಲಿಲ್ಲ. ಹತ್ತು ನಿಮಿಷದ ಆಟಕ್ಕೆ ಇಷ್ಟು ಸಾಕು ಎಂದುಕೊಂಡು ಕೊಟ್ಟುಬಿಟ್ಟೆ.

ಪ್ರದರ್ಶನವನ್ನು ನಡೆಸಿದ್ದು ಊರಿನ ಕೆಲವು ಗಣ್ಯರು. ಅವರ ಮುಖ್ಯಸ್ಥರು ಶೀನಪ್ಪ ಗೌಡರು. ಮೊದಲ ದಿನವೇ ಅವರು ಮೈಕಿನಲ್ಲಿ ನಿಯಮ ಓದಿದರು. ಸೈಕಲ್ಲಿನ ದೋಷದಿಂದ ಸವಾರ ಬಿದ್ದರೆ ಇನ್ನೊಂದು ಸೈಕಲ್ ಏರಿ ಮುಂದುವರಿಯಬಹುದು. ಸವಾರನದೇ ತಪ್ಪಾದರೆ ಅಲ್ಲಿಗೆ ಮುಕ್ತಾಯ, ಕಾಗದವೂ ಇಲ್ಲ. ದೋಷ ಯಾರದೆಂದು ಹೇಳುವವನು ಮೆಕ್ಯಾನಿಕ್, ಅಂದರೆ ನಾನು.

ಹಮೀದ್ ದಿನವಿಡೀ ತುಳಿಯುತ್ತಿದ್ದದ್ದು ಸಾಮಾನ್ಯ ಸೈಕಲ್. ಫಿಕ್ಸ್ ಇದ್ದದ್ದು ಕೊನೆಯ ದಿನದ ಹಿಮ್ಮುಖ ಸವಾರಿಗೆ. ಮೂರನೆಯ ದಿನ ಸಂಜೆ ಅಭ್ಯಾಸಕ್ಕೆಂದು ಅದರ ಮೇಲೆ ದಾಟಿಕೊಂಡು ನಾಲ್ಕು ಸುತ್ತು ಹೊಡೆದ. ಚೈನು ಕರಕರ ಎಂದಿತು. ಅವನ ಕೈಯಲ್ಲಿ ಮೈಕಿತ್ತು. ಸವಾರಿ ಮಾಡುತ್ತಲೇ ಜನರನ್ನು ನಗಿಸುವುದು ಅವನ ಅಭ್ಯಾಸ.

“ವಾಸಣ್ಣ, ಚೈನ್ ಓರೆ ಉಂಟು. ಹಿಂದಿನಿಂದ ಒಮ್ಮೆ ನೋಡಿ. ಇದು ಇಚಿಲಂಪಾಡಿಗೆ ಹೊರಟ್ರೆ ಸುಳ್ಯಕ್ಕೆ ಮುಟ್ಟುದು!”

ಮೈದಾನವೇ ನಕ್ಕಿತು. ನನ್ನ ಹಿಂದೆ ಕೂತಿದ್ದವನೊಬ್ಬ, “ಎಂತ ವಾಸಣ್ಣ, ಎಸ್ಸೆಲ್ಸಿಯಲ್ಲಿ ಸರಳರೇಖೆ ಎಳೀಲಿಕ್ಕೆ ಕಲಿಸ್ಲಿಲ್ವಾ?” ಎಂದ. ಇನ್ನೊಬ್ಬ, “ಅದು ಅವರಿಗೆ ಗ್ರೇಸ್ ಮಾರ್ಕಿನಲ್ಲಿ ಹೋದದ್ದು,” ಎಂದ.

ನನಗೆ ಕಿವಿಯವರೆಗೆ ಕೆಂಡ ಹತ್ತಿತು. ಹಮೀದನ ಮಾತಿನಲ್ಲಿ ಕುಹಕವಿರಲಿಲ್ಲ. ತನ್ನ ಜೀವವನ್ನು ಹೊರುವ ಸಾಮಾನಿನ ಬಗ್ಗೆ ಅವನು ನಿಜ ಹೇಳಿದ್ದ. ಆ ನಿಜವೇ ನನ್ನನ್ನು ಸುಟ್ಟದ್ದು. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವನು ಊರೆದುರು ನನಗೆ ಪಾಠ ಹೇಳುತ್ತಾನೆಯೇ ಎಂದು ಹಲ್ಲು ಕಡಿದೆ. ಬ್ಯಾರಿಗಳ ಬಗ್ಗೆ ಮನಸ್ಸಿನಲ್ಲಿ ಇನ್ನೂ ಏನೇನೋ ಬೈದುಕೊಂಡೆ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೆ ಬೈದುಕೊಂಡದ್ದನ್ನು ಮುಚ್ಚಿಡುವುದಿಲ್ಲ.

ಸೈಕಲ್ಲನ್ನು ಶಾಪಿಗೆ ತಂದೆ. ನಾಲ್ಕನೆಯ ದಿನ ಪೂರ್ತಿ ನನ್ನ ಕೈಯಲ್ಲಿತ್ತು. ಬೆಳಗ್ಗೆ ಪುತ್ತೂರು ಬಸ್ಸು ನನ್ನ ಶಾಪಿನ ಎದುರೇ ನಿಂತು, ಹಾರ್ನ್ ಹೊಡೆದು, ಹೊರಟುಹೋಯಿತು. ನಾನು ಸ್ಟೂಲಿನಿಂದ ಏಳಲಿಲ್ಲ. ಆಕ್ಸಲ್ ಬದಲಿಸಿದರೆ ಹಮೀದ್ ಹೇಳಿದ್ದು ಸರಿಯೆಂದು ಒಪ್ಪಿದ ಹಾಗಾಗುತ್ತದಲ್ಲ!

ಬದಲಿಗೆ ಸದ್ದು ಅಡಗಿಸಿದೆ. ಹಿಂದಿನ ಚಕ್ರವನ್ನು ಅರ್ಧ ಇಂಚು ಮುಂದಕ್ಕೆ ತಂದು ಚೈನನ್ನು ಸಡಿಲ ಮಾಡಿದೆ, ಮೇಲಿಂದ ಗ್ರೀಸ್ ಮೆತ್ತಿದೆ. ಸಡಿಲವಾದ ಚೈನು ಓರೆಯಿದ್ದರೂ ಕಿರುಚುವುದಿಲ್ಲ. ಆದರೆ ಓರೆಯಿರುವ ಚೈನು ಸಡಿಲವೂ ಆದರೆ ಕಳಚಲು ಒಂದು ಜರ್ಕ್ ಸಾಕು. ಇದು ನನಗೆ ತಿಳಿಯದೆ ಆದ ತಪ್ಪು ಎಂದು ಯಾರೂ ಸಮಾಧಾನ ಹೇಳಬಾರದು. ಆರು ವರ್ಷ ಕಲಿತ ಕೆಲಸ ನನಗೆ ಅದನ್ನು ಚೆನ್ನಾಗಿಯೇ ಕಲಿಸಿತ್ತು.

ಐದನೆಯ ದಿನ ಸಂಜೆ ಆರು ಗಂಟೆಗೆ ಪ್ರದರ್ಶನದ ಮುಕ್ತಾಯ. ನಾಲ್ಕಕ್ಕೆ ಹಮೀದ್ ಫಿಕ್ಸ್ ಸೈಕಲ್ ಏರಿದ. ಪೆಡಲನ್ನು ಎರಡು ಸಲ ಒತ್ತಿ, ಕಿವಿಗೊಟ್ಟು ಕೇಳಿ, ನನ್ನತ್ತ ತಿರುಗಿ ಮೈಕಿನಲ್ಲಿ, “ವಾಸಣ್ಣನ ಕೈ ಅಂದ್ರೆ ಕೈ! ಈಗ ಬೆಕ್ಕಿನ ಹಾಗೆ ಹೋಗ್ತಾ ಉಂಟು,” ಎಂದ. ಜನ ಚಪ್ಪಾಳೆ ತಟ್ಟಿದರು. ಆಗಲಾದರೂ ಓಡಿಹೋಗಿ ಅವನನ್ನು ತಡೆಯಬಹುದಿತ್ತು. ನಾನು ಕೈಮುಗಿದೆ, ಚಪ್ಪಾಳೆಯನ್ನು ಇಟ್ಟುಕೊಂಡೆ.

ಮುಂದಕ್ಕೆ ಆರು ಸುತ್ತು ಸರಾಗವಾಗಿ ಹೋಯಿತು. ಆಮೇಲೆ ನಿಲ್ಲಿಸಿ ಹಿಂದಕ್ಕೆ ತುಳಿದ. ಎರಡನೆಯ ಸುತ್ತಿನಲ್ಲಿ ಚೈನು ಕಳಚಿ, ಹಲ್ಲಿನ ಚಕ್ರಕ್ಕೂ ಫ್ರೇಮಿಗೂ ನಡುವೆ ಸಿಕ್ಕಿಕೊಂಡಿತು. ಚಕ್ರ ಹಿಡಿಯಿತು. ಹಮೀದ್ ಎಡಗೈ ಊರಿ ನೆಲಕ್ಕೆ ಬಿದ್ದ. ಗಂಟೆ ನಾಲ್ಕೂ ಇಪ್ಪತ್ತು. ಆರಕ್ಕೆ ಇನ್ನೂ ಒಂದು ಗಂಟೆ ನಲವತ್ತು ನಿಮಿಷ ಬಾಕಿಯಿತ್ತು.

ಎಲ್ಲರಿಗಿಂತ ಮೊದಲು ಓಡಿದವನು ನಾನು. ಅವನ ಕೈ ಹಿಡಿದು ಎತ್ತಲು ಅಲ್ಲ. ಗೌಡರು ಬಂದು ಮುಟ್ಟುವುದರೊಳಗೆ ಬಗ್ಗಿ, ಸಿಕ್ಕಿದ್ದ ಚೈನನ್ನು ಎಳೆದು ಹಲ್ಲಿನ ಮೇಲೆ ಕೂರಿಸಿಬಿಟ್ಟೆ.

ಹಮೀದನ ಎಡ ಮಣಿಕಟ್ಟು ಕಣ್ಣೆದುರೇ ಊದುತ್ತಿತ್ತು. ಆ ನೋವಿನಲ್ಲೂ ಅವನು ನೋಡಿದ್ದು ನನ್ನ ಬೆರಳುಗಳನ್ನು. “ಚೈನ್ ಎಂತಕ್ಕೆ ಹಾಕಿದ್ದು ವಾಸಣ್ಣ? ಗೌಡ್ರು ನೋಡ್ಲಿಲ್ಲ ಇನ್ನೂ!”

ಗೌಡರು ಮೈಕ್ ಹಿಡಿದುಕೊಂಡೇ ಬಂದರು. “ಎಂತದು ವಾಸು? ಸರೀ ಹೇಳು. ಸೈಕಲ್ಲಿಂದಾ, ಇವನಿಂದಾ?”

“ಗೌಡ್ರೆ, ನಾನು ಇನ್ನೊಂದು ಸೈಕಲ್ ಹತ್ತುತ್ತೇನೆ. ಒಂದು ಕೈ ಸಾಕು ನನಗೆ,” ಎಂದು ಹಮೀದ್ ಆಗಲೇ ಆ ಕಡೆ ಎರಡು ಹೆಜ್ಜೆ ಇಟ್ಟಿದ್ದ.

ಗೌಡರು ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದರು. ಎರಡು ದಿನ ಹಿಂದಿನ ನಗು ನನ್ನ ಕಿವಿಯಲ್ಲೇ ಇತ್ತು.

“ಸೈಕಲ್ ಸರಿ ಉಂಟು,” ಎಂದೆ. “ಬಿಟ್ಟವ ಸರಿ ಇಲ್ಲ.”

ಅರ್ಧ ತಾಸಿನ ಹಿಂದೆ ಚಪ್ಪಾಳೆ ತಟ್ಟಿದ ಜನವೇ ಕೂಗು ಹಾಕಿತು. ಕಿತ್ತಳೆ ಸಿಪ್ಪೆ, ಕಡಲೆ ಸಿಪ್ಪೆ ಅವನ ಮೇಲೆ ಬಿದ್ದವು. “ಕಳ್ಳಾಟ! ಇಳಿಸಿ ಅವನನ್ನು!” ಎಂದು ಯಾರೋ ಬೊಬ್ಬೆ ಹೊಡೆದರು. ಇಳಿದು ನಿಂತವನನ್ನೇ ಇಳಿಸಿ ಎಂದರು ಮೂರ್ಖರು. ಆ ಜನರ ಮೇಲೂ ನನಗೆ ಇವತ್ತಿಗೂ ಸಿಟ್ಟಿದೆ. ನಾಲ್ಕು ಹಗಲು, ನಾಲ್ಕು ರಾತ್ರಿ ಅವನು ತುಳಿದದ್ದನ್ನು ಕಂಡಿದ್ದರು. ಒಬ್ಬನೂ ಬಗ್ಗಿ ಚೈನನ್ನು ಹಿಂದಿನಿಂದ ನೋಡಲಿಲ್ಲ. ನೋಡಿದ್ದರೆ ಕುರುಡನಿಗೂ ಕಾಣುವಷ್ಟು ಓರೆ ಇತ್ತು. ಎಸ್ಸೆಲ್ಸಿ ಆದವನು ಹೇಳಿದ ಮೇಲೆ ಮುಗಿಯಿತು ಅವರಿಗೆ.

ಹಮೀದ್ ಊದಿದ ಕೈಯನ್ನು ಎದೆಗೆ ಒತ್ತಿಕೊಂಡು ನನ್ನ ಮುಖವನ್ನೇ ನೋಡಿದ. “ನಿಮಗೆ ಗೊತ್ತುಂಟಲ್ಲ,” ಎಂದಷ್ಟೇ ಹೇಳಿ ಮೈದಾನ ದಾಟಿ ಹೋದ. ಕಾಗದ ಸಿಗಲಿಲ್ಲ. ಸರ್ಕಸ್ಸು ತಿಂಗಳ ಕೊನೆಗೆ ಹೊರಟುಹೋಯಿತು.

ಮೂರು ವರ್ಷ ನಾನು ಬಾಯಿ ಮುಚ್ಚಿಕೊಂಡು ಬದುಕಿದೆ. ಕೆಲಸ ಮಾತ್ರ ಬದಲಾಯಿತು. ದಾರ ಎಳೆದು, ಹಿಂದೆ ಕೂತು ಒಂದು ಕಣ್ಣು ಮುಚ್ಚಿ ಚೈನು ನೋಡದೆ ಯಾವ ಸೈಕಲ್ಲನ್ನೂ ಶಾಪಿನಿಂದ ಹೊರಗೆ ಬಿಡುತ್ತಿರಲಿಲ್ಲ. ಇದನ್ನು ಜನ ನನ್ನ ಶಿಸ್ತು ಎಂದು ಹೊಗಳಿದರು. ಹೊಗಳಿದವರ ಮೇಲೆಲ್ಲ ರೇಗುತ್ತಿದ್ದೆ. ಯಾಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

1967ರಲ್ಲಿ ಒಂದು ಭಾನುವಾರ ಕಡಬದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ವಿಚಾರಿಸುತ್ತಾ ಇಚಿಲಂಪಾಡಿಗೆ ನಡೆದೆ. ಹಮೀದ್ ಜಗಲಿಯಲ್ಲಿ ಕಾಲು ಮಡಚಿ ಕೂತು ಬೀಡಿ ಕಟ್ಟುತ್ತಿದ್ದ. ಎಡ ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ನನ್ನನ್ನು ಕಂಡು ಏಳಲಿಲ್ಲ, ಕೂರಿ ಎನ್ನಲೂ ಇಲ್ಲ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಕ್ರ್ಯಾಂಕು ಹೊರಗೆ ಕೂತದ್ದು, ಬಸ್ಸಿಗೆ ಏಳದೆ ಕೂತದ್ದು, ಸಡಿಲ ಮಾಡಿದ್ದು, ಗ್ರೀಸು, ಸುಳ್ಳು. ಕೊನೆಗೆ, ತಪ್ಪಾಯಿತು ಎಂದೆ.

ಅವನ ಕೈ ನಿಲ್ಲಲಿಲ್ಲ. ಒಂದು ಬೀಡಿಗೆ ನೂಲು ಸುತ್ತಿ ಮುಗಿಸಿ ಕೇಳಿದ:

“ಆವತ್ತು ಎಲ್ಲಿ ಹೇಳಿದ್ದು ನೀವು? ಮೈಕಿನಲ್ಲಿ ಅಲ್ವಾ?”

“ಹೌದು.”

“ಊರಿಗೆ ಊರೇ ಕೇಳುವ ಹಾಗೆ ನನ್ನನ್ನು ಕಳ್ಳ ಮಾಡಿದ್ರಿ. ಈಗ ಇಲ್ಲಿ ಬಂದು ನನ್ನ ಒಬ್ಬನ ಕಿವಿಯಲ್ಲಿ ತಪ್ಪಾಯ್ತು ಅಂತೀರಾ? ನನಗೆ ಗೊತ್ತಿದ್ದದ್ದನ್ನು ನನಗೇ ಹೇಳುದು ಎಂತಕ್ಕೆ ಮಾರಾಯ್ರೆ? ಹೋಗಿ ಬೆಳ್ಳಾರೆಯಲ್ಲಿ ಹೇಳಿ.”

ಬೆಳ್ಳಾರೆಗೆ ಬಂದೆ. ಹೇಳಲಿಲ್ಲ. ಶಾಪಿನ ಹೆಸರು ಹೋಗುತ್ತದೆಂದು ಸುಮ್ಮನಿದ್ದೆ. ಆಮೇಲೆ ಮಗಳ ಮದುವೆ ಎಂದು, ಆಮೇಲೆ ಈ ವಯಸ್ಸಿನಲ್ಲಿ ಯಾಕೆ ಎಂದು. ಗೌಡರು ತೀರಿಕೊಂಡರು. ಹಮೀದನೂ ಈಗ ಇಲ್ಲವೆಂದು ಕೇಳಿದ್ದೇನೆ. ನನ್ನ ಹೇಡಿತನಕ್ಕೆ ನೆವ ಕೊಡಲು ಈಗ ಯಾರೂ ಉಳಿದಿಲ್ಲ.

ಓರೆಯಾದ ಚೈನನ್ನು ಗ್ರೀಸ್ ಹಚ್ಚಿ ನೆಟ್ಟಗೆ ಮಾಡಲು ಆಗುವುದಿಲ್ಲ, ಸದ್ದು ಮಾತ್ರ ನಿಲ್ಲುತ್ತದೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದನ್ನೂ ಬಹಳ ತಡವಾಗಿ ಕಲಿತೆ. ಅಂದಿನ ಮೈದಾನದಲ್ಲಿದ್ದವರು, ಅವರ ಮಕ್ಕಳು, ಕಥೆ ಕೇಳಿ ಹಮೀದನನ್ನು ನೆನೆದು ನಕ್ಕವರು ಯಾರಾದರೂ ಇದನ್ನು ಓದಿಯಾರು. ನನ್ನ ಕೈಯಲ್ಲಿ ಈಗ ಮೈಕಿಲ್ಲ, ಹಾಗಾಗಿ ಅಚ್ಚಿನಲ್ಲಿ ಹೇಳುತ್ತಿದ್ದೇನೆ.

ಸೈಕಲ್ ಸರಿ ಇರಲಿಲ್ಲ. ಬಿಟ್ಟವನು ಸರಿ ಇದ್ದ.