ಬೇಗ ಸೇದುವ ಕತ್ತಿವೀರ

ಮೊನ್ನೆ ಪದಬಂಧ ತುಂಬಲೆಂದು ಹೊಸ ರಬ್ಬರು ತಂದೆ. ಮೇಲಿನ ಕಾಗದ ಬಿಚ್ಚಿದ ಕೂಡಲೇ ಬಂದ ವಾಸನೆಗೆ, ನೀವು ನಂಬುತ್ತೀರೋ ಇಲ್ಲವೋ, ನನಗೆ ಸಿಟ್ಟು ಬಂತು. ಬೇರೆಯವರಿಗೆ ಆ ವಾಸನೆಗೆ ಶಾಲೆ ನೆನಪಾಗುತ್ತದಂತೆ. ನನಗೆ ಬಂದರಿನಲ್ಲಿ ಜೊತೆಗಿದ್ದ ಬಸಣ್ಣ ನೆನಪಾಗುತ್ತಾನೆ. ಸಡಾ ಗುಡ್ಡದ ಮೇಲಿನ ನಮ್ಮ ಬಾಡಿಗೆ ಮನೆಯಲ್ಲಿ ಅವನು ಒಂದು ಇಡೀ ಮಳೆಗಾಲದ ಭಾನುವಾರಗಳನ್ನು ಒಬ್ಬ ಕತ್ತಿವೀರನನ್ನು ಬರೆಯುವುದರಲ್ಲಿ, ಅಳಿಸುವುದರಲ್ಲಿ, ಮತ್ತೆ ಬರೆಯುವುದರಲ್ಲಿ ಕಳೆದ. ವೀರ ಅವನವನು. ರಬ್ಬರು ನನ್ನದು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗುಡ್ಡದ ಕೆಳಗಿನ ಬಂದರಿನಲ್ಲಿ ನಾನು ಟ್ಯಾಲಿ ಕ್ಲಾರ್ಕ್. ಹಡಗಿನಿಂದ ಎಷ್ಟು ಚೀಲ ಇಳಿಯಿತು ಎಂದು ಗೆರೆ ಎಳೆದು ಲೆಕ್ಕ ಇಡುವ ಕೆಲಸ. ನಾಲ್ಕು ಉದ್ದ ಗೆರೆ, ಐದನೆಯದು ಅಡ್ಡ. ಹೊರದೇಶದ ಹಡಗಿನ ಅಧಿಕಾರಿಯೊಬ್ಬ ಹೊರಡುವಾಗ ನನಗೊಂದು ದಪ್ಪ ಪುಸ್ತಕವನ್ನೂ ಹಲವು ಮುಖಗಳ ದಾಳಗಳನ್ನೂ ಕೊಟ್ಟುಹೋದ. ಅದೊಂದು ಆಟ. ಹಾಸಿಲ್ಲ, ಕಾಯಿಲ್ಲ. ಒಬ್ಬ ಕಥೆ ಹೇಳಬೇಕು. ಉಳಿದವರು ಒಬ್ಬೊಬ್ಬ ಪಾತ್ರವಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನಬೇಕು. ಮಾಡಿದ್ದು ಕೈಗೂಡಿತೋ ಇಲ್ಲವೋ ದಾಳ ಹೇಳುತ್ತದೆ. ಬಸಣ್ಣ ಒಂದೇ ಮಾತಿನಲ್ಲಿ ಅರ್ಥ ಮಾಡಿಕೊಂಡ: “ಕುಂತು ಆಡೋ ದೊಡ್ಡಾಟ ಅನ್ರಿ.” ಇಂಗ್ಲಿಷು ಬಲ್ಲವನು ನಾನೊಬ್ಬನೇ ಆದ್ದರಿಂದ ಕಥೆ ಹೇಳುವುದೂ ನಿಯಮ ಹೇಳುವುದೂ ನನ್ನ ಪಾಲಿಗೆ ಬಂತು. ಆ ಅಧಿಕಾರ ನನಗೆ ಹಿಡಿಸಿತ್ತೆಂದು ಒಪ್ಪಿಕೊಳ್ಳುತ್ತೇನೆ.

ನನ್ನ ಹೆಂಡತಿ ಶಾಂತಾ ಹತ್ತು ನಿಮಿಷದಲ್ಲಿ ತನ್ನ ಪಾತ್ರ ಮುಗಿಸಿದಳು: ಔಷಧ ಮಾರುವ ಒಬ್ಬ ಮುದುಕಿ, ಅವಳಿಗೊಂದು ಕತ್ತೆ. ಬಸಣ್ಣನದು ಮಾತ್ರ ಮುಗಿಯಲಿಲ್ಲ. ಪ್ರತಿ ಪಾತ್ರಕ್ಕೂ ಅರವತ್ತು ಅಂಕ. ಅದನ್ನು ಬಲ, ಕೈಚಳಕ, ಕಣ್ಣು, ಉಸಿರು ಎಂದು ಹಂಚಬೇಕು.

“ಕೈಗೆ ಎಷ್ಟು?” ಎಂದು ಕೇಳಿದೆ.

“ಇದ್ದಿದ್ದೆಲ್ಲಾ ಕೈಗೇ ಹಾಕ್ರಿ ಸಾಹೇಬ್ರ.”

“ಉಸಿರಿಗೆ ಏನೂ ಇಡದಿದ್ರ ಒಂದ ಏಟಿಗೆ ಸಾಯ್ತಾನ ನಿನ್ನ ವೀರ.”

“ಏಟು ಬೀಳಾಕ ಬಿಟ್ರಲ್ಲೇನ್ರಿ ಸಾಯೋದು?”

ಅವನಿಗೆ ಬೇಕಾಗಿದ್ದು ಕಣ್ಣು ಮಿಟುಕಿಸುವುದರೊಳಗೆ ಕೈ ಮೇಲೇಳುವ ಮನುಷ್ಯ. ಪುಸ್ತಕ ತಿರುವಿದರೆ ಅಂಥದೊಂದು ವಿದ್ಯೆ ಸಿಕ್ಕಿತು: ‘ಕ್ವಿಕ್ ಡ್ರಾ’. ನಾನು ಗಂಭೀರವಾಗಿ ನಿಘಂಟು ತೆಗೆದೆ. ಡ್ರಾ ಎಂದರೆ ಎಳೆ, ಸೇದು, ಚಿತ್ರ ಬರೆ. ಎರಡು ಭಾನುವಾರ ನಾನು ಅದನ್ನು ಬೇಗ ಚಿತ್ರ ಬರೆಯುವ ವಿದ್ಯೆ ಎಂದೇ ವಿವರಿಸಿದೆ.

“ಕತ್ತಿ ಹಿಡದಾವ ಚಿತ್ರ ಯಾಕ ಬರೀತಾನ್ರೀ?” ಎಂದ ಬಸಣ್ಣ.

“ಹಂಗಾರ ಸೇದು ಅಂತಿರಬೇಕು.”

“ಬೀಡಿನೋ?”

ಶಾಂತಾ ಬೆಳ್ಳುಳ್ಳಿ ಸುಲಿಯುತ್ತ, “ನೀರು ಸೇದಾವ ಇರಲಿ ಬಿಡು ಬಸಣ್ಣ, ನಳದಾಗ ನೀರ ಬರದ ನಮ್ಮ ಸಡಾಕ್ಕ ಅವನ ಬೇಕು” ಎಂದಳು. ಮೂರನೆಯ ವಾರ ಮುಂದಿನ ಸಾಲು ಓದಿದಾಗ ಗೊತ್ತಾಯಿತು: ಕತ್ತಿಯನ್ನು ಒರೆಯಿಂದ ಹಿರಿಯುವುದು. ಕತ್ತಿಯಲ್ಲೂ ಸುಖವಿರಲಿಲ್ಲ. ನಮ್ಮ ಕಡೆಯ ಮಾತಿನಲ್ಲಿ ಕತ್ತೆಯೂ ಕತ್ತಿಯೇ. “ನನ್ನ ಮುದುಕಿ ಹಂತ್ಯಾಕ ಕತ್ತಿ ಆಗಲೇ ಐತಿ, ನಾಕು ಕಾಲಿಂದು. ನೀನು ಕತ್ತಿವೀರ ಆಗೂದು ಯಾವಾಗೋ ಮಾರಾಯ?” ಎಂದು ಶಾಂತಾ ವಾರವಾರವೂ ಕೇಳುತ್ತಿದ್ದಳು.

ಇಲ್ಲಿ ಒಂದು ಸಂಗತಿ ಹೇಳದಿದ್ದರೆ ಬಸಣ್ಣನ ಹಟ ನಿಮಗೆ ಬರಿಯ ಹುಚ್ಚಾಗಿ ಕಾಣುತ್ತದೆ. ಆ ಮಳೆಗಾಲದ ಮುಂಚೆ ಅವನು ಹಡಗಿನ ಮೇಲೆ ಸಿಗ್ನಲ್‌ಮನ್ ಆಗಿದ್ದ. ಹಡಗಿನ ಹೊಟ್ಟೆಯ ದೊಡ್ಡ ಬಾಯಿಯ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತ, ಭಾರ ಎತ್ತುವ ವಿಂಚ್ ಯಂತ್ರ ನಡೆಸುವವನಿಗೆ ಎತ್ತು, ನಿಲ್ಲಿಸು ಎಂದು ಕೈಯಿಂದ ತೋರಿಸುವ ಕೆಲಸ. ಒಂದು ಬೆಳಿಗ್ಗೆ ಗೊಬ್ಬರದ ಚೀಲಗಳ ಬಲೆ ಮೇಲೇರುತ್ತಿರುವಾಗ ಅದರ ಒಂದು ಮೂಲೆಯ ಹಗ್ಗ ಕೊಕ್ಕೆಯಿಂದ ಕಳಚಿತು. ಕೆಳಗೆ ಬಲೆಗೆ ಚೀಲ ತುಂಬುತ್ತಿದ್ದ ಕೂಲಿ ದ್ಯಾಮಪ್ಪನ ಬಲಗಾಲಿನ ಮೇಲೆ ಎರಡು ಚೀಲ ಬಿದ್ದವು. ಪಾದ ಮತ್ತೆ ಸರಿಹೋಗಲಿಲ್ಲ. ಅವನು ಊರಿಗೆ ಹೋದ. ಗುತ್ತಿಗೆದಾರನ ಆಫೀಸಿನಲ್ಲಿ ನನ್ನನ್ನು ಕೇಳಿದರು. ನಾನು ಬರೆದುಕೊಟ್ಟೆ: ‘ಚೀಲಗಳು ಬಿದ್ದ ಮೇಲೆ ಸಿಗ್ನಲ್‌ಮನ್ ನಿಲ್ಲಿಸೆಂದು ಕೈ ಎತ್ತಿದ್ದನ್ನು ನೋಡಿದೆ.’ ಒಂದೊಂದು ಪದವೂ ನಿಜ. ಬಸಣ್ಣನನ್ನು ಸಿಗ್ನಲ್ಲಿನಿಂದ ತೆಗೆದು ಶೆಡ್ಡು ಗುಡಿಸಲು ಹಾಕಿದರು.

ನಾನು ಬರೆಯದೆ ಬಿಟ್ಟದ್ದು ಇಷ್ಟು. ನಾನು ಆ ಬಾಯಿಯ ಇನ್ನೊಂದು ಅಂಚಿನಲ್ಲಿ, ಅವನ ಎದುರಿಗೆ ನಿಂತಿದ್ದೆ. ಕಳಚಿದ ಮೂಲೆ ನನ್ನ ಕಡೆಗಿತ್ತು. ಅವನಿಗೆ ಚೀಲಗಳ ರಾಶಿ ಅಡ್ಡವಾಗಿತ್ತು. ಹಗ್ಗ ಕೊಕ್ಕೆಯ ತುದಿಗೆ ಜಾರುತ್ತಿರುವುದು ನನಗೆ ಕಂಡಿತು. ಆಗ ನಾನು ಐದನೆಯ ಅಡ್ಡಗೆರೆ ಎಳೆಯುತ್ತಿದ್ದೆ. ಎಳೆದು ಮುಗಿಸಿ ಕೂಗೋಣ ಎಂದುಕೊಂಡೆ ಎಂದರೆ ಸುಳ್ಳಾಗುತ್ತದೆ, ಏನನ್ನೂ ಅಂದುಕೊಳ್ಳಲಿಲ್ಲ. ಗೆರೆ ಮುಗಿಸಿದೆ. ಅಷ್ಟರಲ್ಲಿ ಕೆಳಗಿನಿಂದ ದ್ಯಾಮಪ್ಪನ ದನಿ ಬಂತು.

ಆದ್ದರಿಂದ, ಓದುಗರೇ, ಭಾನುವಾರ ಬಸಣ್ಣ ನನ್ನ ಎದುರು ಕೂತು “ಇನ್ನೂ ಬೇಗ ಮಾಡ್ರಿ ಸಾಹೇಬ್ರ” ಎಂದಾಗಲೆಲ್ಲ ನನಗೆ ಬರುತ್ತಿದ್ದ ಸಿಟ್ಟು ಪೂರ್ತಿ ಅವನ ಮೇಲಿನದಾಗಿರಲಿಲ್ಲ. ಆಗ ಮಾತ್ರ ಅವನ ಮೇಲಿನದೇ ಎಂದು ತಿಳಿದಿದ್ದೆ. ಅವನೂ ಸಿಟ್ಟು ಬರಿಸುವುದರಲ್ಲಿ ಕಡಿಮೆಯವನಲ್ಲ. ವೀರನಿಗೆ ಹೆಸರಿಡು ಎಂದರೆ ಬೇಡ ಎಂದ. ಊರು? ಬೇಡ. ಕವಚ? ಕೈಗೆ ಅಡ್ಡ ಬರುತ್ತದೆ. ಎಡಗೈಯೋ ಬಲಗೈಯೋ ಎಂದು ಒಂದು ಇಡೀ ಮಧ್ಯಾಹ್ನ ವಾದಿಸಿದ. ಸೊಂಟದ ಕತ್ತಿ ಬೇಗ ಬರುತ್ತದೋ ಬೆನ್ನಿನದೋ ಎಂದು ಮನೆಯ ಪೊರಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಪ್ಪತ್ತು ಸಲ ಹಿರಿದು ನೋಡಿದ. ಶಾಂತಾ ಕೊನೆಗೆ, “ಹಿರಿಯೂದು ಸಾಕು, ಹಂಗ ಒಂದೀಟು ಕಸಾನೂ ಹೊಡಿ” ಎಂದಳು. ಅವನು ನಗುತ್ತ ಹೊಡೆದ. ಅವನು ದಿನವೂ ಮಾಡುತ್ತಿದ್ದ ಕೆಲಸ ಅದೇ ಎಂದು ನನಗೆ ತಟ್ಟನೆ ಹೊಳೆದು, ಪುಸ್ತಕದ ಒಳಗೆ ಮುಖವಿಟ್ಟೆ.

ಶ್ರಾವಣ ಮುಗಿಯುವ ಹೊತ್ತಿಗೆ ನನ್ನ ತಾಳ್ಮೆಯೂ ಮುಗಿಯಿತು. ಆ ಮಧ್ಯಾಹ್ನ ಒಂದು ಪುಟ ಹುಡುಕಿ ಅವನ ಮುಂದೆ ಬಡಿದೆ.

“ಕೇಳಿಲ್ಲೆ. ಕತ್ತಿ ಬೇಗ ಹಿರಿಯೂದು ಬ್ಯಾರೆ, ಮೊದಲ ಸರದಿ ಸಿಗೂದು ಬ್ಯಾರೆ. ವೈರಿ ಕಾಣದಿದ್ರ ಸರದೀನ ಇಲ್ಲ.”

“ಕೈ ಎಷ್ಟ ಬೇಗ ಇದ್ರೂ?”

“ಎಷ್ಟ ಬೇಗ ಇದ್ರೂ.”

“ಕಾಣಲಿಲ್ಲಂದ್ರ ಅದು ಅವನ ತಪ್ಪಲ್ಲೇನ್ರಿ?”

ಉತ್ತರಕ್ಕೆಂದು ನಾನು ಪುಸ್ತಕದ ಮುಂದಿನ ಪುಟ ತಿರುವಿದೆ, ಅದರ ಹಿಂದಿನದನ್ನೂ ನೋಡಿದೆ.

“ಬಸಣ್ಣ, ಅವತ್ತು ನಿನಗ ಕಾಣತಿದ್ದಿಲ್ಲ. ಆ ಮೂಲಿ ನನ್ನ ಕಡೆ ಇತ್ತು. ನನಗ ಕಂಡಿತ್ತು.”

“ಯಾವಾಗ?”

“ಚೀಲ ಬೀಳೂ ಮೊದಲ.”

“ಮತ್ತ ಒದರಲಿಲ್ಲ?”

“ಗೆರಿ ಎಳೀತಿದ್ದೆ.”

ಅವನು ಬೈಯುತ್ತಾನೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ. “ಮೂರು ತಿಂಗಳಾತ್ರಿ ಇದನ್ನ ನೋಡ್ಕೋತ ಕುಂತು. ಉಣ್ಣೂವಾಗೂ ನೋಡ್ತೀನಿ” ಎಂದ. ಆಮೇಲೆ ಹಾಳೆಯನ್ನು ನನ್ನ ಕಡೆ ತಳ್ಳಿದ. “ಕೈಯಾಗಿಂದ ಹತ್ತು ತಗದು ಕಣ್ಣಿಗೆ ಹಾಕ್ರಿ.”

ಅಷ್ಟು ಸಲ ಅಳಿಸಿದ್ದ ಜಾಗ. ರಬ್ಬರು ತಾಗಿಸಿದ ಕೂಡಲೇ ಕಾಗದ ಹರಿಯಿತು.

ಮರುದಿನ ಆಫೀಸಿಗೆ ಹೋಗಿ ಎರಡನೆಯ ಹೇಳಿಕೆ ಬರೆದುಕೊಟ್ಟೆ. ಅಲ್ಲಿನ ಮೇಲಧಿಕಾರಿ ಎರಡು ಸಲ ಓದಿ, ಮುಗಿದ ಕೆಲಸವನ್ನು ಯಾಕೆ ಕೆದಕುತ್ತೀ ಎಂದು ರೇಗಿದ. ಹಡಗಿನ ಮೇಲಿನ ಕೆಲಸದಿಂದ ನನ್ನನ್ನು ತೆಗೆದು ಗೋದಾಮಿಗೆ ಹಾಕಿದರು. ದೀಪಾವಳಿಯ ಹೊತ್ತಿಗೆ ಬಸಣ್ಣ ಮತ್ತೆ ಹಡಗಿನ ಬಾಯಿಯ ಅಂಚಿನಲ್ಲಿ ನಿಂತ.

ಅವನ ವೀರ ಕೊನೆಗೂ ಆಡಿದ್ದು ಒಂದೇ ಕಾಳಗ. ಹಳ್ಳದ ದಾರಿಯಲ್ಲಿ ಒಬ್ಬ ಕಳ್ಳ ಎದುರಾದ. ಬಸಣ್ಣನಿಗೆ ದಾಳದಲ್ಲಿ ಇಪ್ಪತ್ತು ಬಿತ್ತು, ಅದಕ್ಕಿಂತ ದೊಡ್ಡದಿಲ್ಲ. ಮೊದಲು ಕಂಡ, ಮೊದಲು ಹಿರಿದ. ಇಡೀ ಮಳೆಗಾಲದ ಕಾಟಕ್ಕೆ ಫಲ ಸಿಕ್ಕಿತು ಎಂದು ನಾನು ಹಿಗ್ಗಿ, “ಹೂಂ, ಹೊಡಿ” ಎಂದೆ.

“ಮೊದ್ಲ ಯಾರು, ಏನು ಅಂತ ಕೇಳ್ತಾನ್ರಿ.”

“ಹಿರಿದ ಮ್ಯಾಲ ಕೇಳೂದೇನು! ಅದಕ್ಕ ನಿಯಮ ಇಲ್ಲ!”

“ಇಲ್ಲಂದ್ರ ಬರಕೋರಿ.”

ರಬ್ಬರು ತಂದ ದಿನ ಸಂಜೆ, ಈಗ ಕೊರ್ತಾಲಿಮ್‌ನಲ್ಲಿರುವ ನಾನು, ಇನ್ನೂ ಸಡಾ ಬಿಡದ ಬಸಣ್ಣನಿಗೆ ಫೋನು ಮಾಡಿದೆ. ಅವನು ಕಾಲು ಗಂಟೆ ಅದೇ ನಿಯಮದ ವಾದ ತೆಗೆದ. ನನ್ನ ತಲೆ ಸಿಡಿಯುವ ಹೊತ್ತಿಗೆ, ನಡುವೆ ಒಮ್ಮೆಗೇ ಕೇಳಿದ:

“ದ್ಯಾಮಪ್ಪಗ ಹೇಳೀರೇನ್ರಿ, ನಿಮಗ ಕಂಡಿದ್ದು?”

“ಆಗಲೇ ಆಫೀಸಿಗೆ ಬರದು ಕೊಟ್ಟಿದ್ನಲ್ಲೋ.”

“ಆಫೀಸಿನ ಕಾಲು ಮುರದಿತ್ತೇನ್ರಿ?”

ಇಷ್ಟು ವರ್ಷ ಇದನ್ನು ನಾನು ನಮ್ಮಿಬ್ಬರ ಕಥೆ ಎಂದೇ ಹೇಳುತ್ತ ಬಂದಿದ್ದೆ. ನಗಿಸುವ ಕಡೆ ನಗಿಸಿ, ತಪ್ಪೊಪ್ಪಿಕೊಳ್ಳುವ ಕಡೆ ಒಪ್ಪಿಕೊಂಡು. ಬಾದಾಮಿಯ ಹತ್ತಿರದ ಊರಿನಲ್ಲಿ ದ್ಯಾಮಪ್ಪ ಹಿಟ್ಟಿನ ಗಿರಣಿ ಇಟ್ಟಿದ್ದಾನಂತೆ. ವಿಳಾಸವನ್ನು ಬಸಣ್ಣ ಎರಡು ಸಲ ಹೇಳಿದ. ನಾನು ಎರಡು ಸಲವೂ ಬರೆದುಕೊಂಡೆ. ಮೂರು ದಿನದಿಂದ ಅವನಿಗೆ ಕಾಗದ ಬರೆಯಲೆಂದು ಮೇಜಿನ ಮುಂದೆ ಕೂರುತ್ತಿದ್ದೇನೆ. ಮೊದಲು ಯೋಗಕ್ಷೇಮ ಕೇಳಲೋ, ಹಡಗು, ಬಲೆ, ಕೊಕ್ಕೆ ಎಲ್ಲೆಲ್ಲಿದ್ದವೆಂದು ವಿವರಿಸಲೋ ಎಂದು ತೂಗಿದ್ದೇನೆ. ಈ ಬೆಳಿಗ್ಗೆ ಅದೆಲ್ಲವನ್ನೂ ಬಿಟ್ಟು, ಪೆನ್ನಿನಲ್ಲಿ, ಮೊದಲ ಸಾಲು ಬರೆದೆ: ‘ದ್ಯಾಮಪ್ಪನವರೇ, ನಿಮ್ಮ ಮೇಲೆ ಚೀಲ ಬೀಳುವುದು ನನಗೆ ಮೊದಲೇ ಕಂಡಿತ್ತು. ನಾನು ಕೂಗಲಿಲ್ಲ.’