ಬಾಯಿ ತೆರೆಯದ ನಾಯಿ

ನಮ್ಮ ನಾಯಿಗೆ ಬಾಯಿ ತೆರೆಯಲು ಬರುತ್ತಿಲ್ಲ ಎಂದು ಮೊದಲು ಕಂಡದ್ದು ನನಗೆ. ಬೆಳಿಗ್ಗೆ ದೋಸೆ ಚೂರು ಹಾಕಿದರೆ ಮೂಸಿತು. ನಾಲಿಗೆಯ ತುದಿ ಹಲ್ಲಿನ ಸಂದಿಯಿಂದ ಇಷ್ಟೇ ಇಷ್ಟು ಹೊರಗೆ ಬಂತು. ದೋಸೆ ಅಲ್ಲೇ ಉಳಿಯಿತು. ಎಲುಬು ಸಿಕ್ಕಿಕೊಂಡಿರಬೇಕು ಅಂದುಕೊಂಡೆ. ತಡೆದು ಯೋಚಿಸುವ ಬುದ್ಧಿ ನನಗೆ ಎಲ್ಲಿದೆ? ಅದರ ತಲೆಯನ್ನು ಮಂಡಿಗಳ ನಡುವೆ ಹಿಡಿದು, ಮರದ ಸೌಟಿನ ಹಿಡಿ ತೂರಿಸಿ ಮೀಟಿಬಿಟ್ಟೆ. ಅಬ್ಬಾ, ಅದು ಅತ್ತದ್ದು! ಬಾಯಿ ಮುಚ್ಚಿಕೊಂಡೇ, ಮೂಗಿನಲ್ಲಿ. ನನ್ನನ್ನು ಕಚ್ಚಲಿಲ್ಲ ಎಂದು ಹೆಮ್ಮೆಪಟ್ಟೆ. ಕಚ್ಚಲು ಅದಕ್ಕೆ ಬಾಯಿ ತೆರೆಯಲೇ ಬರುತ್ತಿರಲಿಲ್ಲ ಎಂದು ಆಮೇಲೆ ಹೊಳೆಯಿತು.

ಮಧ್ಯಾಹ್ನಕ್ಕೆ ಜೊಲ್ಲು ಶುರುವಾಯಿತು. ಮೇಲಿನ ಮನೆಯ ಭಾವ, ನನ್ನ ಗಂಡನ ದೊಡ್ಡಪ್ಪನ ಮಗ, ಬೇಲಿಯಾಚೆಯಿಂದಲೇ ನಿಂತು ನೋಡಿದರು.

“ಎಂತ ಮಾರಾಯ್ತಿ, ಹುಚ್ಚು ಹಿಡಿದಿದೆ ಇದಕ್ಕೆ! ನಮ್ಮ ಕೂಸು ದಿನಾ ಇದೇ ದಾರೀಲಿ ಬಸ್ಸಿಗೆ ಹೋಗ್ತದೆ. ಕಟ್ಟಿ ಹಾಕು, ಕೋವಿ ತರ್ತೀನಿ.”

“ನಿಮ್ಮ ಏಲಕ್ಕೀನ ಮಂಗನ ಬಾಯಿಂದ ಉಳಿಸಿದ್ದು ಯಾರು ಭಾವ? ನಿಮ್ಮ ಕೋವಿಯಾ?”

ರೇಗಿ ಅಂದುಬಿಟ್ಟೆ. ಆದರೆ ಮೊಮ್ಮಗಳಿಗೆ ಏನಾದೀತೋ ಎಂಬ ಭಯ ಅವರದ್ದು, ಅದನ್ನು ತಪ್ಪು ಎನ್ನಲಾರೆ. “ಡಾಕ್ಟ್ರು ಹುಚ್ಚು ಅಂದ್ರೆ ನಾಳೆ ಸಂಜೆಯೇ ಬರ್ತೀನಿ” ಅಂದು ಹೋದರು.

ನಮ್ಮ ಕೆರೆಕಟ್ಟೆಯಿಂದ ಶೃಂಗೇರಿಯ ಪಶು ಆಸ್ಪತ್ರೆಗೆ ನಾಯಿಯನ್ನು ಒಯ್ಯುವುದು ಹೇಗೆ? ಬಸ್ಸಿನವರು ಹತ್ತಿಸುವುದಿಲ್ಲ. ಎರಡು ಆಟೋದವರು ಜೊಲ್ಲು ಎಂದ ಕೂಡಲೇ ಫೋನ್ ಇಟ್ಟರು. ಕೊನೆಗೆ ಮೀನಿನ ಗಾಡಿಯವರು, “ಹಿಂದೆ ಹಾಕಿ ಅಕ್ಕ, ಪಾಪ” ಅಂದರು.

ಡಾಕ್ಟರು ಗ್ಲೌಸು ಹಾಕಿಕೊಂಡು ಅದರ ಕೆನ್ನೆ, ಹಣೆಯ ಪಕ್ಕ ಎಲ್ಲ ಒತ್ತಿ ನೋಡಿದರು. “ಹುಚ್ಚು ಬಂದ್ರೆ ದವಡೆ ಜೋತುಬೀಳೋದೇ ಹೆಚ್ಚು. ಇದಕ್ಕೆ ತೆರೆಯೋಕೇ ಬರ್ತಿಲ್ಲ. ಅಗಿಯೋ ಸ್ನಾಯು ಊದಿದೆ. ಇದರ ಮೈಯೇ ಇದರ ಸ್ನಾಯುವನ್ನ ಹಾಳು ಮಾಡ್ತಿದೆ ಅಂತ ಕಾಣ್ತದೆ. ಆದ್ರೆ ಖಂಡಿತ ಅಂತ ಇವತ್ತೇ ಹೇಳಲಾರೆ. ಯಾರೂ ಹತ್ತಿರ ಹೋಗದ ಹಾಗೆ ಬೇರೆ ಕಟ್ಟಿ. ಬಾಯಿಗೆ ಕೈ ಹಾಕಿದ್ದೀರಲ್ಲ, ನೀವೂ ಇಂಜೆಕ್ಷನ್ ತಗೊಳ್ಳಿ. ಇನ್ನು ಮೀಟೋಕೆ ಮಾತ್ರ ಹೋಗಬೇಡಿ.”

ಭಾವನಿಗೆ ಇದರಲ್ಲಿ ಅರ್ಧ ಮಾತ್ರ ಹೇಳಿದೆ. ಹುಚ್ಚಲ್ಲವಂತೆ, ಸ್ನಾಯುವಿನ ಕಾಯಿಲೆಯಂತೆ, ಅಷ್ಟೆ. ‘ಖಂಡಿತ ಹೇಳಲಾರೆ’ ಎಂಬುದನ್ನು ನನ್ನೊಳಗೇ ಇಟ್ಟುಕೊಂಡೆ. ಅದು ಒಳಗೇ ಕೂತು ನನ್ನನ್ನು ತಿಂದಿತು.

ಡಾಕ್ಟರು ಕೊಟ್ಟ ಮಾತ್ರೆ ಪುಡಿ ಮಾಡಿ ಗಂಜಿಯ ತಿಳಿಯಲ್ಲಿ ಕಲಸಿ, ಸಿರಿಂಜಿನಲ್ಲಿ ಹಲ್ಲಿನ ಸಂದಿಗೆ ಹನಿಹನಿಯಾಗಿ ಬಿಡುತ್ತಿದ್ದೆ. ಅರ್ಧ ನೆಲಕ್ಕೆ ಹೋಗುತ್ತಿತ್ತು. ಊದಿದ್ದು ಇಳಿದ ಮೇಲೆ ತಲೆ ಬತ್ತತೊಡಗಿತು. ಕಣ್ಣಿನ ಮೇಲೆ ಎರಡೂ ಕಡೆ ಗುಳಿ ಬಿದ್ದು, ಚರ್ಮದಡಿಯ ಎಲುಬು ಕಾಣುವಂತಾಯಿತು. ಭಾವ ದಿನಾ ಬೆಳಿಗ್ಗೆ ಬೇಲಿಯಾಚೆ ನಿಂತು, “ತೆರೀತಾ?” ಎನ್ನುತ್ತಿದ್ದರು. “ತೆರೀತದೆ ಭಾವ, ಏನು ಅವಸರ?” ಎಂದು ರೇಗುತ್ತಿದ್ದೆ. ಒಳಗೆ ಬಂದು ಒಲೆಯ ಮುಂದೆ ಕೂತು ಅಳುತ್ತಿದ್ದೆ. ದೇವರೇ, ಒಂದು ಬೆರಳು ಹೋಗುವಷ್ಟಾದರೂ ತೆರೆಯಲಿ, ಇಲ್ಲದಿದ್ದರೆ ಇದು ಹಸಿವಿನಿಂದಲೇ ಸಾಯುತ್ತದೆ ಎಂದು ಬೇಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಗಂಜಿ ಕಲಕುತ್ತಾ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಅದು ತಲೆ ಎತ್ತಿತು. ದವಡೆ ನಡುಗಿತು. ಬಾಯಿ ತೆರೆಯಿತು. ಹಲ್ಲು, ಕೆಂಪು ಒಸಡು, ಎಲ್ಲ ನನ್ನ ಕೈಯ ಹತ್ತಿರವೇ. “ಅಯ್ಯಯ್ಯೋ!” ಎಂದು ಕಿರುಚಿದೆ. ಕೈಯಲ್ಲಿದ್ದ ಅದೇ ಸೌಟಿನಿಂದ ಹೊಡೆದೆ. ಏಟು ಕಣ್ಣಿನ ಮೇಲಿನ ಗುಳಿಗೇ ಬಿತ್ತು.

ಅದು ಆಕಳಿಸಿತ್ತು, ಅಷ್ಟೆ. ಎಷ್ಟೋ ದಿನದ ಮೇಲೆ ಮೊದಲ ಆಕಳಿಕೆ. ಸರಪಳಿ ಇರುವಷ್ಟು ದೂರ ಹಿಂದೆ ಸರಿದು, ನನ್ನನ್ನೇ ನೋಡುತ್ತಾ ನಿಂತಿತು.

ನಾಯಿ ಉಳಿಯಿತು. ಈಗ ಅನ್ನ ತಿನ್ನುತ್ತದೆ, ಮಂಗಗಳನ್ನೂ ಓಡಿಸುತ್ತದೆ. ಭಾವ ಬೇಲಿಯ ಮೇಲಿಂದ ಬಿಸ್ಕತ್ತು ಚಾಚಿದರೆ ಬಾಯಿ ಅಗಲಿಸಿ ಅವರ ಕೈಯಿಂದಲೇ ತೆಗೆದುಕೊಳ್ಳುತ್ತದೆ. ನಾನು ಅನ್ನ ಇಟ್ಟರೆ ದೂರದಲ್ಲಿ ನಿಂತು ಬಾಲ ಅಲ್ಲಾಡಿಸುತ್ತದೆ, ನಾನು ಒಳಗೆ ಹೋಗುವವರೆಗೂ ತಟ್ಟೆಯ ಹತ್ತಿರ ಬರುವುದಿಲ್ಲ.